ಕೊಂಡಿ ಕಳಚಿದ್ದು ಎಲ್ಲಿ?

ಪರೀಕ್ಷೆಯ ಅರ್ಜಿಯೋ ವಿದ್ಯಾರ್ಥಿವೇತನದ ಅರ್ಜಿಯೋ ಕೊನೆಯ ಪುಟಕ್ಕೆ ಬಂದಾಗ ಇಂಟರ್‌ನೆಟ್ ಕಡಿದುಹೋಗುವ ಸಂಕಟ ನಿಮ್ಮಲ್ಲಿ ಅನೇಕರಿಗೆ ಗೊತ್ತು. ಸಿಮ್ ಹಾಕಿ ಕಂಪ್ಯೂಟರಿಗೆ ಸಿಕ್ಕಿಸುವ ಡಾಂಗಲ್, ಅಂದರೆ ಸೆಲ್ಯುಲಾರ್ ಮೋಡೆಮ್, ಪದೇ ಪದೇ ಕೈಕೊಟ್ಟರೆ ಮನೆಯವರು ಹೊಸದಕ್ಕೆ ಹಣ ಸುರಿಯುತ್ತಾರೆ. ರಾಮನಗರದ ರೇಷ್ಮೆ ಬಿಚ್ಚಾಣಿಕೆದಾರರು ಎಳೆ ಕಡಿದರೆ ಗೂಡನ್ನು ಬಿಸಾಡುವುದಿಲ್ಲ. ತುದಿ ಹುಡುಕಿ ಕೂಡಿಸುತ್ತಾರೆ. ನಾವೂ ಹಾಗೆಯೇ ಮಾಡೋಣ.

ಟವರಿನಿಂದ ನಿಮ್ಮ ಪರದೆಯವರೆಗೆ ಮುಖ್ಯವಾಗಿ ಮೂರು ಕೊಂಡಿಗಳು: ಗಾಳಿಯಲ್ಲಿ ಬರುವ ರೇಡಿಯೋ ಅಲೆ, ಡಾಂಗಲ್ ಕುಳಿತಿರುವ ಯುಎಸ್‌ಬಿ ಕಿಂಡಿ, ಒಳಗಿನ ತಂತ್ರಾಂಶ. ಕಳಚಿದ್ದು ಯಾವುದು? ನಿಮ್ಮ ಕಂಪ್ಯೂಟರಿನಲ್ಲಿ ಲಿನಕ್ಸ್ ಇದ್ದರೆ ಪತ್ತೆ ಸುಲಭ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಶಾಲೆಯಲ್ಲಿ ಬಳಸುವ ಈ ವ್ಯವಸ್ಥೆ, ತನ್ನೊಳಗೆ ನಡೆದದ್ದನ್ನು ದಿನಚರಿಯಂತೆ ಬರೆದಿಡುತ್ತದೆ.

ಮೊದಲು ಅಲೆ. ಸಿಗ್ನಲ್ಲಿನ ಬಲವನ್ನು ಡಿಬಿಎಂ ಎಂಬ ಮಾನದಲ್ಲಿ ಅಳೆಯುತ್ತಾರೆ. 4ಜಿಯಲ್ಲಿ ಮೈನಸ್ 80ರ ಆಸುಪಾಸು ಉತ್ತಮ. ಮೈನಸ್ 110ಕ್ಕಿಂತ ಕೆಳಗಿಳಿದರೆ ಕಷ್ಟ. ಪ್ರತಿ 10 ಇಳಿದಾಗಲೂ ಶಕ್ತಿ ಹತ್ತರಲ್ಲೊಂದು ಪಾಲಾಗುತ್ತದೆ. ಹಾಗಾದರೆ 80ರಿಂದ 110ಕ್ಕೆ ಇಳಿದರೆ? ಸಾವಿರದಲ್ಲೊಂದು ಪಾಲು!

ಇಷ್ಟು ಇಳಿಯುವುದೇಕೆ? ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ ಬಂಡೆಗಳಿಗೇನು ಬರ! 1800 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 17 ಸೆಂ.ಮೀ. ಇಂಥ ಗಿಡ್ಡ ಅಲೆ ಗ್ರಾನೈಟ್ ಬೆಟ್ಟವನ್ನು ತೂರಿ ಬರಲಾರದು. ಬಾಗಿ ಬಳಸಿ ಬರುವುದೂ ಕಡಿಮೆ. 1226 ಮೀಟರ್ ಎತ್ತರದ ಸಾವನದುರ್ಗದ ಆಚೆ ಟವರ್, ಈಚೆ ಮನೆ ಇದ್ದರೆ ಆ ಮನೆ ಅಲೆಯ ನೆರಳಿನಲ್ಲಿದೆ ಎಂದೇ ಅರ್ಥ. ತಗಡಿನ ಮಾಡೂ ಅಲೆಗೆ ಅಡ್ಡಿಯೇ. ಡಾಂಗಲ್ಲನ್ನು ಕಿಟಕಿಯ ಬಳಿಗೆ ಒಯ್ದು ಸಿಗ್ನಲ್ ಹೋಲಿಸಿ ನೋಡಿ. ಲಿನಕ್ಸಿನ ಮೋಡೆಮ್ ಮ್ಯಾನೇಜರ್ ಅದನ್ನು ಶೇಕಡಾ ಲೆಕ್ಕದಲ್ಲಿ ತೋರಿಸುತ್ತದೆ.

ಎರಡನೆಯದು ಯುಎಸ್‌ಬಿ. ಸಿಗ್ನಲ್ ಕ್ಷೀಣಿಸಿದಷ್ಟೂ ಮೋಡೆಮ್ ಗಟ್ಟಿಯಾಗಿ ‘ಕೂಗ’ಬೇಕು, ಆಗ ಹೆಚ್ಚು ವಿದ್ಯುತ್ ಬೇಕು. ಯುಎಸ್‌ಬಿ 2.0 ಕಿಂಡಿ ಕೊಡುವುದು 5 ವೋಲ್ಟಿನಲ್ಲಿ 500 ಮಿಲಿ ಆಂಪಿಯರ್ ಮಾತ್ರ. ಕಿಟಕಿಗೆ ಮುಟ್ಟಿಸಲು ಉದ್ದದ, ತೆಳ್ಳಗಿನ ಕೇಬಲ್ ಹಾಕಿದರೆ ವೋಲ್ಟೇಜ್ ದಾರಿಯಲ್ಲೇ ಕುಸಿದು ಡಾಂಗಲ್ ಆರಿ ಹೊತ್ತಿಕೊಳ್ಳುತ್ತದೆ. ಸಂಪರ್ಕ ಕಡಿದ ಕೂಡಲೇ ಟರ್ಮಿನಲ್ಲಿನಲ್ಲಿ ‘ಸುಡೋ’ ಎಂದು ಬರೆದು, ಜಾಗ ಬಿಟ್ಟು, ಡಿ, ಎಂ, ಇ, ಎಸ್, ಜಿ ಎಂಬ ಐದು ಇಂಗ್ಲಿಷ್ ಸಣ್ಣಕ್ಷರಗಳನ್ನು ಒತ್ತಿ. ಕೊನೆಯ ಸಾಲುಗಳಲ್ಲಿ ‘ಯುಎಸ್‌ಬಿ ಡಿಸ್ಕನೆಕ್ಟ್’ ಎಂದಿದ್ದರೆ ಟವರನ್ನು ಬೈಯಬೇಡಿ. ಕೇಬಲ್ ಗಿಡ್ಡ ಮಾಡಿ, ಕಿಂಡಿ ಬದಲಿಸಿ, ಲ್ಯಾಪ್‌ಟಾಪಿನ ವಿದ್ಯುತ್ ಉಳಿತಾಯ ವ್ಯವಸ್ಥೆ ಡಾಂಗಲ್ಲನ್ನು ಮಲಗಿಸುತ್ತಿದೆಯೇ ನೋಡಿ.

ಮೂರನೆಯದು ತಂತ್ರಾಂಶ. ‘ಪಿಂಗ್ 8.8.8.8’ ಎಂದು ಕೇಳಿ. ಅಂಕಿಗೆ ಉತ್ತರ ಬಂದು, ಜಾಲತಾಣದ ಹೆಸರಿಗೆ ಬಾರದಿದ್ದರೆ ಕೊಂಡಿಗಳು ಗಟ್ಟಿಯಾಗಿಯೇ ಇವೆ; ಹೆಸರನ್ನು ವಿಳಾಸವಾಗಿ ಬದಲಿಸುವ ಡಿಎನ್‌ಎಸ್ ಸೇವೆಯಲ್ಲಿ ತೊಡಕಿದೆ. ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಅದನ್ನು ಬದಲಿಸಬಹುದು.

ಒಂದು ವಾರ ನೋಟ್‌ಬುಕ್ಕಿನಲ್ಲಿ ನಾಲ್ಕು ಕಲಂ ಹಾಕಿ: ಕಡಿದ ಸಮಯ, ಡಾಂಗಲ್ ಇದ್ದ ಜಾಗ, ಸಿಗ್ನಲ್, ಕಂಡ ಸಂದೇಶ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಜಾಗವನ್ನೂ ಕೇಬಲ್ಲನ್ನೂ ಒಟ್ಟಿಗೇ ಬದಲಿಸಿದರೆ ಗುಣ ಯಾವುದರಿಂದ ಬಂತೆಂದು ತಿಳಿಯದು. ಪ್ರಯೋಗಾಲಯದ ನಿಯಮವೂ ಇದೇ ಅಲ್ಲವೇ?

ಪಾಲಕರೇ, ಅಂಗಡಿಗೆ ಹೊರಡುವ ಮುನ್ನ ಆ ಪುಟ ತಿರುವಿ ನೋಡಿ. ದೋಷ ಅಲೆಯದೇ ಆಗಿದ್ದರೆ, ಬೇರೆ ಕಂಪನಿಯ ಸಿಮ್ ಇರುವ ಪರಿಚಿತರ ಫೋನನ್ನು ಅದೇ ಕಿಟಕಿಯಲ್ಲಿಟ್ಟು ಪರೀಕ್ಷಿಸಿ, ಆಮೇಲೆ ಕೊಳ್ಳಿ. ಅರ್ಜಿಯನ್ನಂತೂ ಕೊನೆಯ ದಿನಕ್ಕೆ ಇಟ್ಟುಕೊಳ್ಳದೆ ಎರಡು ದಿನ ಮುಂಚೆಯೇ ಕಳಿಸಿಬಿಡಿ.