ಆಕಾಶದಲ್ಲಿ ಪಂಕ್ತಿಭೇದ

ಒಂದೇ ಸಾಲಿನಲ್ಲಿ ಉಣಲು ಕುಳಿತವರಲ್ಲಿ ಒಬ್ಬನ ಎಲೆಗೆ ತುಪ್ಪವನ್ನೂ ಪಕ್ಕದವನ ಎಲೆಗೆ ಬರಿಯ ತಿಳಿಸಾರನ್ನೂ ಬಡಿಸುವುದನ್ನು ನಮ್ಮ ಹಿರಿಯರು ಪಂಕ್ತಿಭೇದವೆಂದು ಕರೆದು ದೋಷಗಳಲ್ಲಿ ಎಣಿಸಿದರು. ಹಾಗೆ ಎಣಿಸಿದವರೇ ಬೇರೆ ಬೇರೆ ಪಂಕ್ತಿಗಳನ್ನು ಹಾಕಿಸಿ ಭೇದವನ್ನು ಉಳಿಸಿಕೊಂಡರೆಂಬುದು ಬೇರೆ ಮಾತು. ಬಹುದೂರ ಹಾರುವ ವಿಮಾನಗಳ ಒಳಗಿನ ಏರ್ಪಾಡನ್ನು ಕುರಿತು ಯೋಚಿಸುವಾಗ ನನಗೆ ಈ ಹಳೆಯ ಮಾತು ನೆನಪಾಗುತ್ತದೆ.

2021ರ ಜನವರಿಯಲ್ಲಿ ಏರ್ ಇಂಡಿಯಾದ ವಿಮಾನವೊಂದು ಸ್ಯಾನ್‌ಫ್ರಾನ್ಸಿಸ್ಕೋದಿಂದ ಹೊರಟು, ಎಲ್ಲಿಯೂ ತಂಗದೆ, ಉತ್ತರಧ್ರುವದ ಮಾರ್ಗವಾಗಿ ಬೆಂಗಳೂರಿಗೆ ಬಂದಿಳಿಯಿತು. ಚಾಲಕರೆಲ್ಲರೂ ಮಹಿಳೆಯರು. ಎರಡು ಊರುಗಳ ನಡುವಣ ನೇರ ಅಂತರ 13,993 ಕಿಲೋಮೀಟರು. ಪ್ರಯಾಣಕ್ಕೆ ಸುಮಾರು 17 ಗಂಟೆ. ಆ ಬೋಯಿಂಗ್ 777ರ 238 ಆಸನಗಳಲ್ಲಿ ಪ್ರಥಮ ದರ್ಜೆಯವು 8, ಬಿಸಿನೆಸ್ ದರ್ಜೆಯವು 35. ಉಳಿದ 195 ಎಕಾನಮಿ ಎಂಬ ಕೆಳದರ್ಜೆಯವು.

ಹೆಚ್ಚು ಹಣ ತೆತ್ತವನು ಬೇಗ ತಲಪುವುದಿಲ್ಲ. ಮುಂದಿನವನೂ ಹಿಂದಿನವನೂ ಒಂದೇ ಗಳಿಗೆಯಲ್ಲಿ ನೆಲ ಮುಟ್ಟುತ್ತಾರೆ. ಹಾಗಾದರೆ ಅವನು ಕೊಂಡದ್ದೇನು? ಕಾಲು ಚಾಚಿ ಮಲಗುವ ಹಕ್ಕು. ಇದರಲ್ಲಿ ಅನ್ಯಾಯವಿದೆಯೆಂದು ನಾನು ಹೇಳಲಾರೆ. ಮಲಗುವವನಿಗೆ ಹಲವರು ಕುಳಿತುಕೊಳ್ಳುವಷ್ಟು ಜಾಗ ಬೇಕು. ಅವನು ಹೆಚ್ಚು ತೆರುವುದು ಸಹಜ. ಅವನು ತೆತ್ತ ಹಣದಿಂದ ವಿಮಾನದ ಖರ್ಚಿನ ಬಹುಭಾಗ ತೂಗಿ, ಹಿಂದಿನವರ ಭಾರ ಹಗುರವಾಗುವುದೂ ಉಂಟು.

ನನ್ನ ಆಕ್ಷೇಪವಿರುವುದು ಬೇರೊಂದು ಕಡೆ. 1849ರಲ್ಲಿ ಫ್ರಾನ್ಸಿನ ಇಂಜಿನಿಯರ್ ಜೂಲ್ ದ್ಯುಪುಯಿ, ರೈಲಿನ ಮೂರನೆಯ ದರ್ಜೆಯ ಗಾಡಿಗಳಿಗೆ ಮಾಡು ಹಾಕಿಸದಿದ್ದುದರ ಗುಟ್ಟನ್ನು ಬಿಡಿಸಿ ಹೇಳಿದ. ಅದು ಮಾಡಿನ ಖರ್ಚು ಉಳಿಸುವ ಜಿಪುಣತನವಲ್ಲ. ಎರಡನೆಯ ದರ್ಜೆಗೆ ತೆರಬಲ್ಲವನು ಮೂರನೆಯದಕ್ಕೆ ಇಳಿಯದಂತೆ ಹೆದರಿಸುವ ಉಪಾಯ. ಬಡವನು ಮಳೆಯಲ್ಲಿ ನೆನೆದದ್ದು ಉಳ್ಳವನಿಗೆ ಎಚ್ಚರಿಕೆಯಾಗಲೆಂದು! ಮುಂದಿನವರಿಗೆ ಸುಖವನ್ನು ಮಾರುವುದು ವ್ಯಾಪಾರ. ಆ ಸುಖಕ್ಕೆ ಬೆಲೆ ಬರಲೆಂದು ಹಿಂದಿನವರ ಕಷ್ಟವನ್ನು ಕಾಯ್ದಿಡುವುದು ಪಂಕ್ತಿಭೇದ.

ಆ ಹಿಂದಿನ ಸಾಲುಗಳಲ್ಲಿ ಕೂರುವವರು ಯಾರು? ಮಗಳ ಬಾಣಂತನಕ್ಕೆಂದು ಮಂಡಿನೋವನ್ನು ಮರೆತು ಹೊರಟ ತಾಯಿ. ಸಾಲ ಮಾಡಿ ಓದಲು ಹೋಗುವ ಹುಡುಗ. ಬಹುಹೊತ್ತು ಅಲುಗದೆ ಕುಳಿತರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಯಾವ ದರ್ಜೆಯವರಿಗೂ ಬರಬಹುದಾದ ಈ ಬೇನೆಗೆ ಎಕಾನಮಿ ದರ್ಜೆಯ ಹೆಸರೇ ಅಂಟಿಕೊಂಡಿರುವುದು ಅರ್ಥವತ್ತಾಗಿದೆ.

ವಿಪತ್ತಿನ ಕಾಲಕ್ಕೆ ವಿಮಾನದಲ್ಲಿರುವವರೆಲ್ಲರೂ 90 ಸೆಕೆಂಡುಗಳೊಳಗೆ ಹೊರಬೀಳಲು ಸಾಧ್ಯವಿರಬೇಕೆಂದು ವಿಮಾನ ತಯಾರಿಕೆಯ ನಿಯಮ ಹೇಳುತ್ತದೆ. ಪ್ರಾಣದ ವಿಷಯದಲ್ಲಿ ಕಾನೂನು ದರ್ಜೆಗಳನ್ನು ಕಾಣುವುದಿಲ್ಲ. 2018ರಲ್ಲಿ ಅಮೆರಿಕದ ಶಾಸನಸಭೆ, ಸುರಕ್ಷತೆಗೆ ಬೇಕಾದ ಆಸನದ ಕನಿಷ್ಠ ಅಳತೆಯನ್ನು ಗೊತ್ತುಪಡಿಸುವಂತೆ ತನ್ನ ವಿಮಾನಯಾನ ಇಲಾಖೆಗೆ ವಿಧಿಸಿತು. ಇಂಥ ಕಟ್ಟಳೆ ಎಲ್ಲ ದೇಶಗಳಲ್ಲಿಯೂ ಬೇಕು. ಸುರಕ್ಷತೆಯೊಂದಕ್ಕೇ ಅಲ್ಲ, ದೇಹದ ಮರ್ಯಾದೆಗಾಗಿಯೂ ಬೇಕು. ಮುಂದಿನ ಪರದೆಯ ಆಚೆ ಎಷ್ಟು ವೈಭವವಾದರೂ ಇರಲಿ. ಕೊನೆಯ ಸಾಲಿನ ಮೊಣಕಾಲಿಗೆ ಇಷ್ಟು ಜಾಗವಿಲ್ಲದೆ ಆಸನವನ್ನು ಮಾರಕೂಡದು.

ಹಾಸಿಗೆಯಿದ್ದಷ್ಟು ಕಾಲು ಚಾಚೆಂಬ ಗಾದೆಯನ್ನು ಈ ವಾದಕ್ಕೆ ಎದುರಾಗಿ ಹೇಳುವವರುಂಟು. ಗಾದೆ ಸರಿಯೆ. ಆದರೆ ಅದನ್ನು ಕಟ್ಟಿದವನು, ಚಾಚುವುದಕ್ಕೆ ಪ್ರತಿಯೊಬ್ಬನಿಗೂ ಚಿಕ್ಕದಾದರೂ ಒಂದು ಹಾಸಿಗೆ ಉಂಟೆಂದು ನಂಬಿದ್ದನಲ್ಲವೆ?