ಸೌರಕೋಶ: ಅಗ್ಗದ ಸುಧಾರಣೆಯೇ ದಾರಿ

ಹೇರೋಹಳ್ಳಿ, ಸುಂಕದಕಟ್ಟೆಯ ಬಡಾವಣೆಗಳಲ್ಲಿ ಇಪ್ಪತ್ತು–ಮೂವತ್ತರ ನಿವೇಶನದಲ್ಲಿ ಮನೆ ಕಟ್ಟಿಕೊಂಡವರಿಗೆ ಬಿಸಿಲು ಸಿಗುವ ಜಾಗವೆಂದರೆ ತಾರಸಿ ಮಾತ್ರ. ನೀರಿನ ಟ್ಯಾಂಕು, ಸೋಲಾರ್ ವಾಟರ್ ಹೀಟರ್, ಬಟ್ಟೆ ಒಣಹಾಕುವ ತಂತಿಗಳ ನಡುವೆಯೇ ವಿದ್ಯುತ್ ಫಲಕಗಳಿಗೂ ಸ್ಥಳ ಹುಡುಕಬೇಕು. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆ 3 ಕಿಲೋವಾಟ್ ಘಟಕಕ್ಕೆ ₹78 ಸಾವಿರ ಸಹಾಯಧನ ನಿಗದಿಪಡಿಸಿತು. ಆದರೆ ಸಹಾಯಧನದಿಂದ ತಾರಸಿ ದೊಡ್ಡದಾಗದು. ಶೇ 15ರ ದಕ್ಷತೆಯ ಫಲಕಗಳಾದರೆ ಆ ಘಟಕಕ್ಕೆ 20 ಚದರ ಮೀಟರ್ ಬೇಕು. ಶೇ 22ರದ್ದಾದರೆ 14 ಸಾಕು. ಸೌರಕೋಶದ ದಕ್ಷತೆ ಹೀಗೆ ಸಣ್ಣ ಮನೆಯವರ ಪ್ರಶ್ನೆಯೂ ಹೌದು.

ದಕ್ಷತೆ ಹೆಚ್ಚಬೇಕಾದರೆ ದುಬಾರಿ ತಂತ್ರಜ್ಞಾನವೇ ಬೇಕೆಂಬ ಭಾವನೆ ನಮ್ಮಲ್ಲಿದೆ. ಇತಿಹಾಸ ಹೇಳುವುದು ಬೇರೆ. 1954ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಪ್ರದರ್ಶಿಸಿದ ಸಿಲಿಕಾನ್ ಸೌರಕೋಶದ ದಕ್ಷತೆ ಸುಮಾರು ಶೇ 6. ಅಲ್ಲಿಂದೀಚಿನ ಏರಿಕೆಯಲ್ಲಿ ಕಾರ್ಖಾನೆಯ ಸರಳ ಹಂತಗಳ ಪಾಲು ದೊಡ್ಡದು. ನುಣುಪಾದ ಸಿಲಿಕಾನ್ ತನ್ನ ಮೇಲೆ ಬಿದ್ದ ಬೆಳಕಿನ ಮೂರನೇ ಒಂದರಷ್ಟನ್ನು ಪ್ರತಿಫಲಿಸಿಬಿಡುತ್ತದೆ. ಬಿಸಿ ಕ್ಷಾರ ದ್ರಾವಣದಲ್ಲಿ ಅದ್ದಿದರೆ ಅದರ ಮೇಲ್ಮೈಯಲ್ಲಿ ಅತಿಸೂಕ್ಷ್ಮ ಪಿರಮಿಡ್‌ಗಳು ಮೂಡಿ, ಚಿಮ್ಮಿಹೋಗುವ ಬೆಳಕನ್ನು ಮತ್ತೆ ಒಳಕ್ಕೆ ತಿರುಗಿಸುತ್ತವೆ. ಅದರ ಮೇಲೆ ಬಳಿಯುವ ಸಿಲಿಕಾನ್ ನೈಟ್ರೈಡ್ ಲೇಪನ ಇನ್ನಷ್ಟು ಬೆಳಕನ್ನು ಉಳಿಸುತ್ತದೆ. ಸೌರಕೋಶದ ನೀಲಿ ಬಣ್ಣ ಇದರದೇ. ವಿದ್ಯುತ್ತನ್ನು ಹೊರತರುವ ಬೆಳ್ಳಿಯ ಗೆರೆಗಳನ್ನು ಮೂಡಿಸುವ ಸ್ಕ್ರೀನ್ ಪ್ರಿಂಟಿಂಗ್, ತತ್ವದಲ್ಲಿ ಲಗ್ನಪತ್ರಿಕೆ ಮುದ್ರಿಸುವ ವಿಧಾನವೇ. ಗೆರೆ ಸಪೂರವಾದಷ್ಟೂ ನೆರಳು ಕಡಿಮೆ, ಬೆಳ್ಳಿಯೂ ಉಳಿತಾಯ.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಗ್ರೀನ್ ಅವರ ತಂಡ 1980ರ ದಶಕದಲ್ಲಿ ರೂಪಿಸಿದ ‘ಪರ್ಕ್’ ವಿನ್ಯಾಸವೂ ಇಂಥದೇ ಪಾಠ. ಕೋಶದ ಹಿಂಬದಿಗೊಂದು ತೆಳು ಪದರ, ಅದರಲ್ಲಿ ಲೇಸರ್‌ನಿಂದ ತೆರೆದ ಕಿಂಡಿಗಳು – ಹಳೆಯ ಕಾರ್ಖಾನೆಗೆ ಕೆಲವೇ ಯಂತ್ರಗಳನ್ನು ಸೇರಿಸಿದರೆ ಸಾಕಿತ್ತು. ಆದರೂ ಅದು ಮಾರುಕಟ್ಟೆಯನ್ನು ಆಳಿದ್ದು ಸುಮಾರು ಮೂರು ದಶಕಗಳ ನಂತರ, ಮುಖ್ಯವಾಗಿ ಚೀನಾದ ಕಾರ್ಖಾನೆಗಳ ಮೂಲಕ. ತಿಳಿದದ್ದನ್ನು ಅಗ್ಗವಾಗಿ ಮಾಡಲು ಕಲಿತವರು ಗೆದ್ದರು.

ಬೆಂಗಳೂರು ಈ ಕ್ಷೇತ್ರಕ್ಕೆ ಹೊಸದಲ್ಲ. ಮೈಸೂರು ರಸ್ತೆಯ ಬಿಎಚ್‌ಇಎಲ್ ಎಲೆಕ್ಟ್ರಾನಿಕ್ಸ್ ವಿಭಾಗಕ್ಕೆ ಸೌರಕೋಶ, ಉಪಗ್ರಹಗಳ ಸೌರಫಲಕ ತಯಾರಿಸಿದ ಅನುಭವವಿದೆ. 1989ರಲ್ಲಿ ಸ್ಥಾಪನೆಯಾದ ಟಾಟಾ ಬಿಪಿ ಸೋಲಾರ್ ನೆಲೆಯೂರಿದ್ದೂ ಇಲ್ಲಿಯೇ. ಆದರೂ ದೇಶದ ಉದ್ಯಮ ಬಹುಕಾಲ ಆಮದು ಕೋಶಗಳನ್ನು ಜೋಡಿಸಿ ಫಲಕ ಮಾಡುವುದರಲ್ಲಿಯೇ ತೃಪ್ತಿಪಟ್ಟಿತು. 2026ರ ಜೂನ್ 1ರಿಂದ ಸರ್ಕಾರದ ಪಟ್ಟಿಯಲ್ಲಿರುವ ತಯಾರಕರ ಕೋಶಗಳನ್ನೇ ಸರ್ಕಾರಿ ಯೋಜನೆಗಳಲ್ಲಿ ಬಳಸಬೇಕೆಂದು ಕೇಂದ್ರ 2024ರ ಡಿಸೆಂಬರ್‌ನಲ್ಲಿ ಆದೇಶಿಸಿತು. ಈ ರಕ್ಷಣೆ ಸ್ವಾಗತಾರ್ಹ. ಆದರೆ ಅದರ ನೆರಳಿನಲ್ಲಿ ತಯಾರಿಕಾ ವಿಧಾನ ಸುಧಾರಿಸದಿದ್ದರೆ ಹೆಚ್ಚಿನ ಬೆಲೆ ತೆರಬೇಕಾದವನು ಗ್ರಾಹಕ.

ಪೀಣ್ಯದಿಂದ ಮಾಗಡಿ ರಸ್ತೆಯವರೆಗಿನ ಸಣ್ಣ ಕೈಗಾರಿಕೆಗಳಲ್ಲಿ ನಿಖರ ಲೋಹಗೆಲಸದ ಪರಿಣತಿಯಿದೆ. ಮುದ್ರಣದ ಪರದೆಯ ಚೌಕಟ್ಟು, ಸಿಲಿಕಾನ್ ಬಿಲ್ಲೆ ಹಿಡಿಯುವ ಸಲಕರಣೆ, ಪರೀಕ್ಷಾ ಉಪಕರಣಗಳನ್ನು ಇವು ಮಾಡಿಕೊಡಬಲ್ಲವು. ಅವುಗಳನ್ನು ಪರೀಕ್ಷಿಸಲು ಒಂದು ಸಾಮಾನ್ಯ ಪ್ರಾಯೋಗಿಕ ಘಟಕ ಬೇಕು. ರಾಜ್ಯ ಸರ್ಕಾರ ಬಿಎಚ್‌ಇಎಲ್, ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಎಂಜಿನಿಯರಿಂಗ್ ಕಾಲೇಜುಗಳನ್ನು ಸೇರಿಸಿ ಅದನ್ನು ಸ್ಥಾಪಿಸಬೇಕು.

ಒಂದು ಎಚ್ಚರ ಅಗತ್ಯ. ಕೋಶ ತಯಾರಿಕೆಯಲ್ಲಿ ಕ್ಷಾರವಲ್ಲದೆ ಹೈಡ್ರೋಫ್ಲೋರಿಕ್ ಆಮ್ಲವೂ ಬಳಕೆಯಾಗುತ್ತದೆ. ಇಂಥ ಕೆಲಸ ಶುದ್ಧೀಕರಣ ವ್ಯವಸ್ಥೆಯಿರುವ ಘಟಕದಲ್ಲೇ ನಡೆಯಬೇಕು. ಓಣಿಯ ಶೆಡ್ಡುಗಳಲ್ಲಿ ಸಲ್ಲದು. ಹೇರೋಹಳ್ಳಿಯ ಕೆರೆಗೆ ವಿಷ ಹರಿಸಿ ತಾರಸಿಗೆ ಬೆಳಕು ತರುವುದನ್ನು ಅಗ್ಗ ಎನ್ನಲಾಗದು.