ಆಷಾಢದ ಅಗ್ಗ, ಗೋಡೆಯ ತೇವ
ಆಷಾಢದಲ್ಲಿ ಕೊಳ್ಳುವವರು ವಿರಳವಾದ್ದರಿಂದ ಹಳೆಯ ಮನೆಯನ್ನು ಅಗ್ಗಕ್ಕೆ ಕೊಂಡು, ನವೀಕರಿಸಿ, ದಸರೆಯ ಹೊತ್ತಿಗೆ ಲಾಭಕ್ಕೆ ಮಾರಬೇಕೆಂಬ ಪ್ರಕಟಿತ ವಾದವು ಪಂಚಾಂಗವನ್ನು ನೋಡಿದಷ್ಟು ಗೋಡೆಯನ್ನು ನೋಡಿಲ್ಲ. ಮಳೆಗಾಲದಲ್ಲಿ ಮನೆಯನ್ನು ಪರೀಕ್ಷಿಸುವುದು ಸರಿಯೇ, ಏಕೆಂದರೆ ತಾರಸಿಯ ಸೋರಿಕೆ ಬೇಸಗೆಯಲ್ಲಿ ಸುಣ್ಣದಡಿ ಅಡಗಿರುತ್ತದೆ; ಆದರೆ ಅದೇ ಮಳೆಯಲ್ಲಿ ಗಾರೆ, ಅಂದರೆ ಸಿಮೆಂಟು-ಮರಳಿನ ಲೇಪ, ಬೇಗ ಒಣಗದೆ, ಅವಸರದಲ್ಲಿ ಬಳಿದ ಬಣ್ಣವು ಗುಳ್ಳೆಯೆದ್ದು, ತೇವದೊಂದಿಗೆ ಹೊರಬಂದ ಲವಣದ ಬಿಳಿ ಪದರ ಕೊಳ್ಳುವವನ ಕಣ್ಣಿಗೇ ಬೀಳುತ್ತದೆ. ಬಯಲುಸೀಮೆಗೆ ಒಪ್ಪಬಹುದಾದ ಈ ಲೆಕ್ಕ (ಅಲ್ಲಿಯೂ ಅನುಮಾನವೇ) ಮಲೆನಾಡು, ಕರಾವಳಿಗಳಿಗೆ ಸಲ್ಲದು. ಮಿಗಿಲಾಗಿ, 24 ತಿಂಗಳೊಳಗೆ ಮಾರಿದ ಮನೆಯ ಲಾಭವು ಅಲ್ಪಾವಧಿ ಬಂಡವಾಳ ಲಾಭವೆನಿಸಿ, ಮಾರಿದವನ ಆದಾಯದ ಹಂತಕ್ಕೆ ತಕ್ಕ ತೆರಿಗೆಗೆ ಒಳಪಡುತ್ತದೆ. ಆಷಾಢದ ರಿಯಾಯಿತಿ ಎಷ್ಟಿದ್ದರೂ ಮುದ್ರಾಂಕ ಶುಲ್ಕವನ್ನು ಸರ್ಕಾರದ ಮಾರ್ಗಸೂಚಿ ಬೆಲೆಗಿಂತ ಕಡಿಮೆ ಮೊತ್ತಕ್ಕೆ ಲೆಕ್ಕ ಹಾಕುವುದಿಲ್ಲ.